ಬಸರಿ ಗಿಡಕ್ಕೆ ಬೋನ್ಸಾಯ್ ತಟ್ಟೆ ಈಗಲೇ ಬೇಡ

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: ಬಚ್ಚಲುಮನೆಯ ಜಂಬಿಟ್ಟಿಗೆ ಗೋಡೆಯಲ್ಲಿ ಹುಟ್ಟಿದ್ದ ಒಂದೂವರೆ ಅಡಿಯ ಬಸರಿ ಗಿಡವನ್ನು ಮೇ ಕೊನೆಗೆ ಕಿತ್ತು, ಎರಡಿಂಚು ಆಳದ ಬೋನ್ಸಾಯ್ ತಟ್ಟೆಯಲ್ಲಿ ತೋಟದ ಮಣ್ಣು ತುಂಬಿ ನೆಟ್ಟು, ಸೂರಿನಡಿ ಇಟ್ಟಿದ್ದೇನೆ. ಬೈಂಡಿಂಗ್ ವೈರ್ ಸುತ್ತಿ ಬಗ್ಗಿಸಿದ್ದೂ ಆಯಿತು. ಆರಿದ್ರಾ ಮಳೆ ಹಿಡಿದಲ್ಲಿಂದ ಎಲೆ ಹಳದಿಯಾಗಿ ಉದುರುತ್ತಿವೆ. ಗಿಡ ಉಳಿಯುತ್ತದೆಯೆ? ಪೆನ್ಸಿಲ್ ಗಾತ್ರದ ಕಾಂಡ ದಪ್ಪವಾಗುವುದು ಯಾವಾಗ?

ಸಂಪಾದಕರ ಉತ್ತರ:

ಮಾನ್ಯರೆ, ಬಸರಿ ಸುಲಭಕ್ಕೆ ಸಾಯುವ ಜಾತಿಯಲ್ಲ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಒಂದು ಕಡೆ ಕೆರೆದು ನೋಡಿ. ಒಳಗೆ ಹಸಿರಿದ್ದು ಹಾಲು ಒಸರಿದರೆ ಜೀವವಿದೆ. ಹಾಗಿದ್ದರೆ ತಡಮಾಡದೆ ಗಿಡವನ್ನು ತಟ್ಟೆಯಿಂದ ಎತ್ತಿ ಬೇರು ತೊಳೆಯಿರಿ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ಎಳೆ ದಾರದಂತೆ ಉಳಿಯುತ್ತದೆ. ಹರಿತವಾದ ಕತ್ತರಿಯಿಂದ ಗಟ್ಟಿ ಬೇರು ಸಿಗುವವರೆಗೂ ಕತ್ತರಿಸಿ. ಬೇರು ಕಡಿಮೆಯಾದಷ್ಟು ಮೇಲಿನ ಚಿಗುರನ್ನೂ ಕಡಿಮೆ ಮಾಡಿ.

ತೋಟದ ಮಣ್ಣು ಅಡಿಕೆಗೆ ಒಳ್ಳೆಯದೇ, ಕುಂಡಕ್ಕೆ ಅಲ್ಲ. ಯಾವ ಕುಂಡದಲ್ಲಾದರೂ ನೀರು ಬಸಿದ ಮೇಲೂ ತಳದ ಒಂದಷ್ಟು ಮಣ್ಣು ತೊಪ್ಪೆಯಾಗಿಯೇ ಇರುತ್ತದೆ. ಮಣ್ಣು ನಯವಾದಷ್ಟೂ ಆ ಪದರ ಎತ್ತರಕ್ಕೆ ಏರುತ್ತದೆ. ಆಳದ ಕುಂಡದಲ್ಲಿ ಬೇರಿಗೆ ಅದರ ಮೇಲೆ ಗಾಳಿ ಸಿಗುತ್ತದೆ. ಎರಡಿಂಚಿನ ತಟ್ಟೆಯಲ್ಲಿ ಇಡೀ ಮಣ್ಣೇ ಆ ಪದರ. ಅದಕ್ಕೆ ಸೂರಿನ ಧಾರೆಯೂ ಬಿದ್ದರೆ ಮಣ್ಣು ಕುಟ್ಟಿದ ನೆಲದಂತಾಗುತ್ತದೆ.

ಹತ್ತು ಇಂಚಿನ ಮಣ್ಣಿನ ಕುಂಡ ತನ್ನಿ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಒಡೆದು 3ರಿಂದ 5 ಮಿ.ಮೀ. ಚೂರನ್ನು ಜರಡಿ ಹಿಡಿದು, ಪುಡಿಯನ್ನು ಎಸೆಯಿರಿ. ಜನ ತಪ್ಪುವುದು ಇಲ್ಲೇ: ಪುಡಿಯನ್ನೂ ಸೇರಿಸಿದರೆ ಚೂರು ಹಾಕಿದ್ದೇ ವ್ಯರ್ಥ. ಚೂರು ಮೂರು ಪಾಲು, ಕೆಂಪು ಮಣ್ಣು ಒಂದು ಪಾಲು, ಪೂರ್ತಿ ಕೊಳೆತ ದರಗಿನ ಗೊಬ್ಬರ ಒಂದು ಪಾಲು. ತೂತಿಗೆ ಪ್ಲಾಸ್ಟಿಕ್ ಜಾಲರಿ ಹಾಕಿ, ಗಿಡ ಅಲುಗದಂತೆ ಕುಂಡಕ್ಕೆ ಕಟ್ಟಿ. ಗಾಳಿಗೆ ಬುಡ ಅಲುಗಿದರೆ ಹೊಸ ಬೇರು ಹುಟ್ಟಿದಂತೆ ತುಂಡಾಗುತ್ತದೆ. ಬೆಳಕಿದ್ದು ಮಳೆ ನೇರ ಬೀಳದ ಕಡೆ ಇಡಿ. ಹೊಸ ಚಿಗುರು ಬಲಿಯುವವರೆಗೂ ಬೇರೆ ಗೊಬ್ಬರ ಬೇಡ. ಮಣ್ಣಿನ ಮೇಲೆ ಹಾವಸೆ ಕಟ್ಟಿದರೆ ಕೆರೆದು ತೆಗೆಯುತ್ತಿರಿ.

ಬೈಂಡಿಂಗ್ ವೈರನ್ನು ಬಿಚ್ಚಲು ಹೋಗಬೇಡಿ, ಸುತ್ತು ಸುತ್ತಾಗಿ ಕತ್ತರಿಸಿ ತೆಗೆಯಿರಿ. ಅದು ತುಕ್ಕು ಹಿಡಿದು ಸಿಪ್ಪೆಯೊಳಗೆ ಹೂತುಕೊಳ್ಳುತ್ತದೆ. ಬಸರಿಯಲ್ಲಿ ಆ ಗಾಯದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಮುಂದೆ ಬಗ್ಗಿಸುವಾಗ ಕೊಂಬೆಯ ದಪ್ಪದ ಮೂರನೇ ಒಂದರಷ್ಟಿರುವ ಅಲ್ಯೂಮಿನಿಯಂ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ, ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ. ಎಳೆಯ ಕೊಂಬೆಯಾದರೆ ಒದ್ದೆ ಬಾಳೆನಾರಿನಿಂದ ಕೆಳಕ್ಕೆ ಎಳೆದು ಕಟ್ಟಿದರೂ ಸಾಕು.

ಇನ್ನು ಕಾಂಡದ ದಪ್ಪ. ತಟ್ಟೆಗೆ ಹೋದ ಗಿಡದ ಕಾಂಡ ಬಲು ನಿಧಾನವಾಗಿ ಬೆಳೆಯುತ್ತದೆ. ಬುಡದ ದಪ್ಪದ ಆರು ಪಟ್ಟು ಎತ್ತರ ಕಣ್ಣಿಗೆ ಹಿತವೆಂಬ ಲೆಕ್ಕ ಹಿಡಿದರೆ, ಒಂದಡಿಯ ಮರಕ್ಕೆ ಎರಡಿಂಚಿನ ಬುಡ ಬೇಕು. ಅದನ್ನು ನೆಲವೇ ಕೊಡಬೇಕು. ಮುಂದಿನ ವರ್ಷ ಭರಣಿ ಮಳೆ ಬಿದ್ದ ಮೇಲೆ, ಕೆಳಮುಖದ ತಾಯಿಬೇರು ಕತ್ತರಿಸಿ, ಮಂಗಳೂರು ಹಂಚಿನ ಚಪ್ಪಟೆ ತುಂಡೊಂದರ ಮೇಲೆ ಬೇರುಗಳನ್ನು ಸುತ್ತಲೂ ಹರಡಿ, ನೀರು ನಿಲ್ಲದ ಏರಿಯ ಮೇಲೆ ನೆಡಿ. ಬೇರು ಹಂಚಿನಿಂದಾಚೆ ಅಡ್ಡಕ್ಕೆ ಓಡಿ ಬುಡ ಅಗಲವಾಗುತ್ತದೆ. ಮನೆಯ ಗೋಡೆ, ಬಾವಿಯ ಹತ್ತಿರ ಮಾತ್ರ ನೆಡಬೇಡಿ.

ಕತ್ತರಿ ಮುಟ್ಟಿಸದೆ ಐದಾರು ಅಡಿ ಬೆಳೆಯಲು ಬಿಡಿ. ಮನಸ್ಸು ತಡೆಯುವುದಿಲ್ಲ, ಆದರೂ ಬಿಡಿ: ಮೇಲೆ ಎಲೆ ಹೆಚ್ಚಿದಷ್ಟೂ ಕೆಳಗೆ ಕಾಂಡ ಕೊಬ್ಬುತ್ತದೆ. ಬುಡ ಎರಡಿಂಚಾದ ಮೇಲೆ, ಬೇಸಿಗೆಯ ಚಿಗುರು ಒಡೆಯುವ ಹೊತ್ತಿಗೆ, ನೆಲದಿಂದ ನಾಲ್ಕು ಇಂಚಿನಲ್ಲಿ ಓರೆಯಾಗಿ ಕತ್ತರಿಸಿ. ಹಾಲು ಸುರಿದರೆ ಗಾಬರಿ ಬೇಡ, ನೀರು ಚಿಮುಕಿಸಿದರೆ ನಿಲ್ಲುತ್ತದೆ. ಗಾಯದ ಕೆಳಗೆ ಒಡೆಯುವ ಚಿಗುರುಗಳಲ್ಲಿ ಒಂದನ್ನು ಹೊಸ ತುದಿಯಾಗಿ ಉಳಿಸಿ. ಅದು ಕಾಂಡದ ಅರ್ಧದಷ್ಟು ದಪ್ಪವಾದಾಗ ಮತ್ತೆ ಮೊಟಕು ಮಾಡಿ. ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಹಳೆಮರದ ರೂಪ ಬರುವುದು ಹೀಗೆಯೇ.

ಆ ತಟ್ಟೆಯನ್ನು ಅಲ್ಲಿಯವರೆಗೆ ತೊಳೆದು ಎತ್ತಿಡಿ.