ಮನೆ ಅಲ್ಲೇ, ಕೌಂಟಿ ಬೇರೆ

ಹರಪನಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಚಿಕ್ಕದಾಗಿ ಹೀಗಿದೆ:

"ಕಳೆದ ಸಂಚಿಕೆಯ ಲೇಖನದಲ್ಲಿ ಓವಲ್ ಕ್ರಿಕೆಟ್ ಮೈದಾನ ಇಂಗ್ಲೆಂಡಿನ ಸರ್ರೆ ಕೌಂಟಿಯ ತಂಡದ್ದು ಎಂದಿದ್ದೀರಿ. ಅದೇ ಪುಟದಲ್ಲಿ ಓವಲ್ ಲಂಡನ್ನಿನಲ್ಲಿದೆ ಎಂದೂ ಇದೆ. 1961ರಲ್ಲಿ 17 ಲಕ್ಷವಿದ್ದ ಸರ್ರೆಯ ಜನಸಂಖ್ಯೆ 2021ರಲ್ಲಿ 12 ಲಕ್ಷಕ್ಕೆ ಇಳಿದಿದೆ, ಜನ ಊರು ಬಿಡುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ನನ್ನ ಮಗಳು ಅದೇ ಸರ್ರೆಯ ಗಿಲ್ಡ್‌ಫರ್ಡ್‌ನಲ್ಲಿದ್ದಾಳೆ. ಬಾಡಿಗೆಗೆ ಮನೆ ಸಿಗೋದೇ ಕಷ್ಟ ಅನ್ನುತ್ತಾಳೆ. ಜನ ಬಿಟ್ಟು ಹೋದ ಊರಲ್ಲಿ ಮನೆಗೆ ಇಷ್ಟು ಪರದಾಟವೇ? ಅಂದಹಾಗೆ, ಅವಳಿಗೆ ಪಾರ್ಸೆಲ್ ಕಳಿಸುವಾಗ ವಿಳಾಸದಲ್ಲಿ ಸರ್ರೆ ಅಂತ ಬರೆಯಬೇಕೋ ಬೇಡವೋ?"

ಮೇಷ್ಟ್ರೇ, ನಮಸ್ಕಾರ.

ತಪ್ಪು ನಮ್ಮದೇ. ಎರಡು ಅಂಕಿ ಸರಿಯಾಗಿದ್ದವು, ಅದರಿಂದ ನಾವು ತೆಗೆದ ಅರ್ಥ ಸುಳ್ಳಾಗಿತ್ತು. ಸರ್ರೆಯ ಜನ ಎಲ್ಲಿಗೂ ಹೋಗಿಲ್ಲ. ಕೌಂಟಿಯ ಗಡಿಗೆರೆ ಸರಿದಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಅನ್ನಿಸುತ್ತೆ. ನಿಮ್ಮ ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ. ನಿಮ್ಮ ಮನೆಯ ಹೊಸ್ತಿಲು ಒಂದು ಗೇಣೂ ಕದಲಲಿಲ್ಲ, ಅಲ್ವಾ?

ಸರ್ರೆಯ ಕಥೆಯೂ ಇಷ್ಟೇ, ಸ್ವಲ್ಪ ಉದ್ದ. ಹಳೇ ಕಾಲದಿಂದ ಆ ಕೌಂಟಿಯ ಉತ್ತರದ ಗಡಿ ಥೇಮ್ಸ್ ನದಿ. ಸರ್ರೆ ಅನ್ನೋ ಹೆಸರಿಗೇ ದಕ್ಷಿಣದ ಸೀಮೆ ಅಂತ ಅರ್ಥ. ಹೊಳೆಯ ಆಚೆ ದಡದಲ್ಲಿ ಲಂಡನ್ ಪೇಟೆ, ವೆಸ್ಟ್‌ಮಿನ್‌ಸ್ಟರ್. ಈಚೆ ದಡದ ಸದರ್ಕ್, ಲ್ಯಾಂಬೆತ್, ಬ್ಯಾಟರ್‌ಸಿ ಎಲ್ಲ ಸರ್ರೆ. ಲಂಡನ್ ಬೆಳೆದಂತೆ ಈ ದಡ ತುಂಬಿತು. 1881ರ ಗಣತಿಯಲ್ಲಿ ಸರ್ರೆಯ ಜನ 14 ಲಕ್ಷ ದಾಟಿದ್ದರು. ಅವರಲ್ಲಿ ಬಹುಪಾಲು ಜನ ಹೊಲ ಗದ್ದೆ ಕಂಡವರಲ್ಲ, ಪೇಟೆಯವರು.

1889ರಲ್ಲಿ ಲಂಡನ್ನಿಗೇ ಒಂದು ಪ್ರತ್ಯೇಕ ಕೌಂಟಿ ಮಾಡಿದರು. ಹೊಳೆದಂಡೆಯ ಆ ದಟ್ಟ ಭಾಗವನ್ನೆಲ್ಲ ಸರ್ರೆಯಿಂದ ಕಿತ್ತು ಅದಕ್ಕೆ ಸೇರಿಸಿದರು. ಓವಲ್ ಇರುವ ಕೆನ್ನಿಂಗ್ಟನ್ ಕೂಡ ಹೋಯಿತು. ಹೆಚ್ಚು ಜನ ಹೋದರು, ಹೆಚ್ಚು ನೆಲ ಉಳಿಯಿತು. ಕ್ರಿಕೆಟ್ ಕ್ಲಬ್ ಮಾತ್ರ 1845ರಿಂದ ಆ ಮೈದಾನದಲ್ಲಿ ಆಡುತ್ತಿತ್ತು, ಹೆಸರೂ ಬಿಡಲಿಲ್ಲ, ಜಾಗವೂ ಬಿಡಲಿಲ್ಲ. ಹಾಗಾಗಿ ನಮ್ಮ ಲೇಖನದ ಆ ಎರಡು ಮಾತೂ ನಿಜ. ಸರ್ರೆಯ ತಂಡ ತನ್ನ ಕೌಂಟಿಯ ಹೊರಗಿನ ಮೈದಾನವನ್ನೇ ತವರು ಅನ್ನುತ್ತದೆ.

ಓವಲ್ ಅಂದ ಮೇಲೆ 1971 ನೆನಪಾಗದೆ ಇರುತ್ತಾ? ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು ಇಲ್ಲೇ. ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು. ಜಾನ್ ಎಡ್ರಿಚ್ ಆಡಲು ಬಂದಾಗ ದಿಲೀಪ್ ಸರ್ದೇಸಾಯಿ ಚಂದ್ರ ಅವರಿಗೆ "ಮಿಲ್ ರೀಫ್ ಹಾಕು" ಅಂತ ಕೂಗಿದರಂತೆ. ಮಿಲ್ ರೀಫ್ ಆ ವರ್ಷ ಡರ್ಬಿ ರೇಸ್ ಗೆದ್ದ ಕುದುರೆ, ಅಂದರೆ ವೇಗದ ಚೆಂಡು ಹಾಕು ಅಂತ. ಎಡ್ರಿಚ್ ಸೊನ್ನೆಗೆ ಬೌಲ್ಡ್. ತಮಾಷೆ ನೋಡಿ, ಎಡ್ರಿಚ್ ಸರ್ರೆ ತಂಡದವರು. ಡರ್ಬಿ ನಡೆಯುವ ಎಪ್ಸಮ್ ಇವತ್ತಿಗೂ ಸರ್ರೆಯಲ್ಲೇ ಇದೆ. ಕುದುರೆ ಓಡಿದ್ದು ಸರ್ರೆಯ ಒಳಗೆ, ಅದರ ಹೆಸರಿನ ಚೆಂಡು ಬಿದ್ದದ್ದು ಹೊರಗೆ.

2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಅನಾವರಣವಾಯಿತಲ್ಲ, ಅದು ಲ್ಯಾಂಬೆತ್‌ನಲ್ಲಿದೆ. 1889ಕ್ಕೆ ಮುಂಚಿನ ನಕ್ಷೆ ಹಿಡಿದರೆ ಅದೂ ಸರ್ರೆಯ ನೆಲವೇ.

ಇನ್ನು ನಾವು ಎಡವಿದ ಜಾಗಕ್ಕೆ ಬರೋಣ. ಇಪ್ಪತ್ತನೇ ಶತಮಾನದಲ್ಲಿ ರೈಲು ಹಿಡಿದು ಲಂಡನ್ನಿಗೆ ಕೆಲಸಕ್ಕೆ ಹೋಗುವವರು ಉಳಿದ ಸರ್ರೆಯನ್ನೂ ತುಂಬಿಸಿದರು. ಕ್ರಾಯ್ಡನ್ ಸೇರಿಸಿ ಲೆಕ್ಕ ಹಾಕಿದರೆ 1961ರ ಹೊತ್ತಿಗೆ ಮತ್ತೆ 17 ಲಕ್ಷ ದಾಟಿತು. 1965ರಲ್ಲಿ ಎರಡನೇ ಕತ್ತರಿ ಬಿತ್ತು. ಗ್ರೇಟರ್ ಲಂಡನ್ ಹುಟ್ಟಿತು. ಕ್ರಾಯ್ಡನ್, ಕಿಂಗ್‌ಸ್ಟನ್, ಸಟನ್, ಮರ್ಟನ್, ರಿಚ್ಮಂಡ್ ಅದರ ಪಾಲಾದವು. ಬದಲಿಗೆ, ಅದೇ ವರ್ಷ ಮುಚ್ಚಿಹೋದ ಮಿಡಲ್‌ಸೆಕ್ಸ್ ಕೌಂಟಿಯಿಂದ ಸ್ಟೇನ್ಸ್ ಮತ್ತು ಸನ್‌ಬರಿ ಸರ್ರೆಗೆ ಬಂದವು. ಇವು ಇರೋದು ಥೇಮ್ಸ್‌ನ ಉತ್ತರಕ್ಕೆ. ದಕ್ಷಿಣದ ಸೀಮೆ ಹೊಳೆ ದಾಟಿದ್ದು ಹೀಗೆ! 1971ರ ಗಣತಿಯಲ್ಲಿ ಉಳಿದ ಸರ್ರೆಯ ಜನ ಸುಮಾರು 10 ಲಕ್ಷ. ಅದೇ ಗೆರೆಯೊಳಗೆ, ಸಣ್ಣಪುಟ್ಟ ಬದಲಾವಣೆ ಬಿಟ್ಟರೆ, 2011ರಲ್ಲಿ 11.3 ಲಕ್ಷ, 2021ರಲ್ಲಿ 12 ಲಕ್ಷ. ಏರುತ್ತಲೇ ಇದೆ. ನಿಮ್ಮ ಮಗಳು ಹೇಳಿದ್ದೇ ಸರಿ, ನಾವು ಬರೆದದ್ದು ತಪ್ಪು. ಗಣತಿಯ ಪಟ್ಟಿಗಿಂತ ಬಾಡಿಗೆಯ ಬೋರ್ಡು ಕೆಲವು ಸಲ ಚೆನ್ನಾಗಿ ಲೆಕ್ಕ ಹೇಳುತ್ತೆ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೌಂಟಿ ಕಚೇರಿಯ ಪಾಡು. 1889ರಲ್ಲಿ ಕಚೇರಿ ಇದ್ದ ನ್ಯೂಯಿಂಗ್ಟನ್ ಲಂಡನ್ ಪಾಲಾಯಿತು. ಸರಿ, 1893ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹೊಸ ಕಟ್ಟಡಕ್ಕೆ ಹೋದರು. 1965ರಲ್ಲಿ ಕಿಂಗ್‌ಸ್ಟನ್ ಕೂಡ ಲಂಡನ್ ಪಾಲಾಯಿತು. ಈ ಸಲ ಅವರು ಏಳಲೇ ಇಲ್ಲ. 2020 ಮುಗಿಯುವವರೆಗೆ, 55 ವರ್ಷ, ಸರ್ರೆಯ ಆಡಳಿತ ಸರ್ರೆಯ ಹೊರಗಿನಿಂದಲೇ ನಡೆಯಿತು. ಮನೆ ಪಾಲಾದ ಮೇಲೂ ಅಣ್ಣನ ಪಾಲಿನ ಪಡಸಾಲೆಯಲ್ಲೇ ಕೂತು ತಮ್ಮ ತನ್ನ ಲೆಕ್ಕ ಬರೆದ ಹಾಗೆ. ಈಗ ಕಚೇರಿ ರೈಗೇಟ್‌ನಲ್ಲಿದೆ.

1974ರಲ್ಲಿ ಒಳಗಿನ ಗೆರೆಗಳನ್ನೂ ಅಳಿಸಿ ಬರೆದರು. ಸಣ್ಣ ಸಣ್ಣ ಕೌನ್ಸಿಲುಗಳನ್ನು ಕೂಡಿಸಿ 11 ಮಾಡಿದರು. ಎರಡು ಊರು ಒಂದಾದಾಗ ಯಾರ ಹೆಸರಿಡೋದು ಅನ್ನೋ ಜಗಳ ನಮ್ಮಲ್ಲೂ ಉಂಟಲ್ಲ. ಇವರು ಹೊಳೆಯ ಹೆಸರಿಂದ ಮೋಲ್ ವ್ಯಾಲಿ ಅಂದರು, 1215ರ ಮ್ಯಾಗ್ನಾ ಕಾರ್ಟಾ ಒಪ್ಪಂದವಾದ ಹುಲ್ಲುಗಾವಲಿನ ಹೆಸರಿಂದ ರನ್ನಿಮೀಡ್ ಅಂದರು. ಆಗಲೇ ಗ್ಯಾಟ್‌ವಿಕ್ ವಿಮಾನ ನಿಲ್ದಾಣವನ್ನು ವೆಸ್ಟ್ ಸಸೆಕ್ಸ್ ಕೌಂಟಿಗೆ ಕೊಟ್ಟರು. ಪಕ್ಕದ ಹಾರ್ಲಿ, ಚಾರ್ಲ್‌ವುಡ್ ಊರುಗಳೂ ಅದರ ಜೊತೆ ಹೋಗಬೇಕಿತ್ತು. ಊರವರು ಗಲಾಟೆ ಮಾಡಿದರು. ಎರಡೂರಿನ ಹೆಸರಿನಲ್ಲೇ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ ಅವರನ್ನು ಸರ್ರೆಯಲ್ಲೇ ಉಳಿಸಿತು. ನಿಲ್ದಾಣ ಮಾತ್ರ ಹೋಯಿತು.

ಮಗಳಿಗೆ ಫೋನ್ ಮಾಡಿದಾಗ ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನ ಫೋಟೋ ಕಳಿಸೋಕೆ ಹೇಳಿ. ನಮ್ಮ ಮನೆ ಕಂದಾಯದ ಹಾಗೆ ಅದು. ಬಿಲ್ಲು ಕಳಿಸಿ ದುಡ್ಡು ತಗೊಳ್ಳೋದು ಗಿಲ್ಡ್‌ಫರ್ಡ್ ‘ಬರೋ’ ಕೌನ್ಸಿಲ್, ಅಂದರೆ ಆ 11ರಲ್ಲಿ ಒಂದಾದ, ಕೌಂಟಿಗಿಂತ ಕೆಳಗಿನ ಹಂತದ ಕೌನ್ಸಿಲ್. ಆದರೆ ಅದರಲ್ಲಿ ದೊಡ್ಡ ಪಾಲು ಕೌಂಟಿಗೆ, ಒಂದು ಪಾಲು ಪೊಲೀಸಿಗೆ, ಬರೋಗೆ ಉಳಿಯೋದು ಚೂರು. ಬಾಗಿಲ ಮುಂದಿನ ಕಸದ ಡಬ್ಬ ಒಯ್ಯುವುದು ಬರೋ ಕೌನ್ಸಿಲಿನ ಕೆಲಸ, ಆ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ ಕೆಲಸ. ರಸ್ತೆ ಗುಂಡಿ ಬಿದ್ದರೆ ಕೌಂಟಿ, ಮನೆ ಮೇಲೆ ಇನ್ನೊಂದು ರೂಮು ಕಟ್ಟಲು ಬರೋ ಕೌನ್ಸಿಲಿನ ಅನುಮತಿ. ಯಾರ ಬಾಗಿಲು ತಟ್ಟಬೇಕು ಅನ್ನೋದು ಅಲ್ಲಿಯವರಿಗೂ ಗೊಂದಲವೇ.

ಈ ಎರಡು ಹಂತವನ್ನು ತೆಗೆಯಲು ಈಗ ಮೂರನೇ ಕತ್ತರಿ ಸಿದ್ಧವಾಗಿದೆ. ಕೌಂಟಿ ಕೌನ್ಸಿಲು, 11 ಬರೋ ಮತ್ತು ಜಿಲ್ಲಾ ಕೌನ್ಸಿಲುಗಳು, ಎಲ್ಲ ರದ್ದಾಗಿ 2027ರ ಏಪ್ರಿಲ್ 1ರಿಂದ ಪೂರ್ವ ಸರ್ರೆ, ಪಶ್ಚಿಮ ಸರ್ರೆ ಎಂಬ ಎರಡೇ ಕೌನ್ಸಿಲ್ ಇರಲಿವೆ ಎಂದು ಬ್ರಿಟನ್ ಸರ್ಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. 2021ರ ಗಣತಿ ಲೆಕ್ಕದಲ್ಲಿ ಪಶ್ಚಿಮಕ್ಕೆ ಸುಮಾರು ಆರೂವರೆ ಲಕ್ಷ ಜನ, ಪೂರ್ವಕ್ಕೆ ಐದೂವರೆ ಲಕ್ಷ. ಗಿಲ್ಡ್‌ಫರ್ಡ್ ಪಶ್ಚಿಮಕ್ಕೆ. ಪಶ್ಚಿಮದವರಿಗೆ ಒಂದು ತಲೆನೋವು ಕಾದಿದೆ. ಅದರೊಳಗಿನ ವೋಕಿಂಗ್ ಕೌನ್ಸಿಲು ಕಟ್ಟಡಗಳಿಗೆಂದು ಸಾಲ ಮಾಡಿ ಮಾಡಿ ಸುಮಾರು 200 ಕೋಟಿ ಪೌಂಡ್ ಹೊರೆ ಹೊತ್ತಿತ್ತು, 2023ರಲ್ಲಿ ಕೈಯೆತ್ತಿತು. ಅದರಲ್ಲಿ 50 ಕೋಟಿ ಪೌಂಡ್ ತಾನೇ ತೀರಿಸುತ್ತೇನೆ ಎಂದು ಸರ್ಕಾರ ಒಪ್ಪಿದೆ. ಉಳಿದದ್ದರ ಲೆಕ್ಕ ಪಕ್ಕದ ಊರಿನವರ ನಿದ್ದೆ ಕೆಡಿಸಿದರೆ ಆಶ್ಚರ್ಯವಿಲ್ಲ. ಸಾಲಗಾರನ ಜೊತೆ ಪಾಲುದಾರಿಕೆ ಯಾರಿಗೆ ಬೇಕು ಹೇಳಿ? ಹಂತ ಕಡಿಮೆಯಾಗೋದು ಒಳ್ಳೆಯದೇ ಅಂತ ನನಗನ್ನಿಸುತ್ತೆ, ಆದರೆ ಸಾಲವೂ ಗೆರೆ ದಾಟಿ ಬರುತ್ತೆ ಅನ್ನೋದನ್ನ ಮೊದಲೇ ಬಿಡಿಸಿ ಹೇಳಬೇಕಿತ್ತು.

ಇನ್ನು ಮೇಲೆ ನಮ್ಮ ಪತ್ರಿಕೆಯಲ್ಲಿ ಯಾವ ಊರಿನ ಹಳೇ ಜನಸಂಖ್ಯೆ ಹಾಕಿದರೂ ಅದು ಯಾವ ಗಡಿಯ ಲೆಕ್ಕ ಅಂತ ಪಕ್ಕದಲ್ಲೇ ಹಾಕುತ್ತೇವೆ. ಉಪಸಂಪಾದಕರಿಗೆ ಹೇಳಿ ಆಗಿದೆ.

ಪಾರ್ಸೆಲ್ ವಿಷಯ ಮರೆತೆ. ಅಲ್ಲಿನ ಅಂಚೆಯವರಿಗೆ 1996ರಿಂದ ವಿಳಾಸದಲ್ಲಿ ಕೌಂಟಿ ಹೆಸರೇ ಬೇಕಾಗಿಲ್ಲ. ಕ್ರಾಯ್ಡನ್‌ನವರು ಲಂಡನ್ನಿಗೆ ಸೇರಿ ಅರವತ್ತು ವರ್ಷವಾದರೂ ಇನ್ನೂ ಕೆಲವರು ಅಭ್ಯಾಸಕ್ಕೆ ಸರ್ರೆ ಅಂತ ಬರೆಯುತ್ತಾರೆ, ಕಾಗದ ತಲುಪುತ್ತೆ. ನೀವು ಬರೆದರೂ ಸರಿ, ಬಿಟ್ಟರೂ ಸರಿ. ಮನೆ ನಂಬರು, ಬೀದಿ, ಊರು, ಪೋಸ್ಟ್‌ಕೋಡ್ ದಪ್ಪಕ್ಷರದಲ್ಲಿ ಬರೆಯಿರಿ. ಒಳಗೆ ಶೇಂಗಾ ಚಟ್ನಿಪುಡಿ ಇದ್ದರೆ ಎರಡು ಕವರ್ ಹಾಕಿ ಕಟ್ಟಿ, ಎಣ್ಣೆ ಬಿಟ್ಟರೆ ವಿಳಾಸವೇ ಅಳಿಸಿ ಹೋಗುತ್ತೆ.

— ಸಂ.