ಡೆವಲಪರ್‌ಗಳ ರಾಜಕೀಯ ನೋಡಿ ಲೆಮ್ಮಿ ಬಿಡಬೇಕಾ?

ಕಾಸರಗೋಡಿನ ಕನ್ನಡಿಗರಿಗೆ ಲೆಮ್ಮಿಯಲ್ಲಿ (ರೆಡ್ಡಿಟ್ ತರಹದ, ಬೇರೆ ಬೇರೆಯವರು ತಮ್ಮದೇ ಸರ್ವರ್‌ಗಳಲ್ಲಿ ನಡೆಸುವ ಚರ್ಚಾತಾಣ) ಗುಂಪು ಕಟ್ಟೋಣ ಅಂದ್ರೆ ಅದರ ಡೆವಲಪರ್‌ಗಳು ಕಟ್ಟಾ ಕಮ್ಯುನಿಸ್ಟರಂತೆ, ನಂಬಬಹುದಾ ಅಂತ ಕೇಳಿದ್ದೀರಿ. ಕಮ್ಯುನಿಸ್ಟ್ ಅಂದ್ರೆ ನಮ್ಮೂರಲ್ಲಿ ಯಾರೂ ಬೆಚ್ಚುವುದಿಲ್ಲ ಬಿಡಿ! ಲೆಮ್ಮಿಯ ಕೋಡ್ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಲೈಸೆನ್ಸಿನಲ್ಲಿದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹಾಗಂತ ಅವರ ನಿಲುವು ಕೋಡಿಗೆ ಇಳಿಯುವುದೇ ಇಲ್ಲ ಅಂತಲ್ಲ: ಮೊದಮೊದಲು ಬೈಗುಳ ತಡೆಯುವ ಫಿಲ್ಟರನ್ನು ಕೋಡಿನೊಳಗೇ ಕೂರಿಸಿದ್ದರು, ಜಾಸ್ತಿ ಆಕ್ಷೇಪ ಬಂದು ಆಮೇಲೆ ಅದನ್ನು ಸರ್ವರ್ ನಡೆಸುವವರ ಇಷ್ಟಕ್ಕೆ ಬಿಟ್ಟರು. ಉಲ್ಟಾ ಕಥೆಯೂ ಇದೆ. 2019ರಲ್ಲಿ ಬಲಪಂಥೀಯರ ಜಾಲತಾಣ ಗ್ಯಾಬ್, ಇಂಥದ್ದೇ ಮುಕ್ತ ಜಾಲತಾಣವಾದ ಮಾಸ್ಟೊಡಾನಿನ ಕೋಡನ್ನೇ ಎತ್ತಿಕೊಂಡಿತು. ಮಾಸ್ಟೊಡಾನಿನವರು ವಿರೋಧಿಸಿದರೂ ತಡೆಯಲು ಆಗಲಿಲ್ಲ, ಹಲವು ಸರ್ವರ್‌ಗಳು ಗ್ಯಾಬನ್ನು ಬ್ಲಾಕ್ ಮಾಡಿದವು ಅಷ್ಟೇ. ನಿಮ್ಮ ಪೋಸ್ಟ್ ಅಳಿಸುವ ಅಧಿಕಾರ ಇರುವುದು ಸರ್ವರ್ ಅಡ್ಮಿನ್ ಕೈಯಲ್ಲಿ, ಅಲ್ವಾ? ಹಾಗಾಗಿ ಡೆವಲಪರ್‌ಗಳೇ ನಡೆಸುವ ಲೆಮ್ಮಿ ಡಾಟ್ ಎಂಎಲ್ ಬೇಡ ಅನ್ನಿಸಿದರೆ ಬೇರೆ ಸರ್ವರಿನಲ್ಲಿ ಖಾತೆ ತೆರೆಯಿರಿ.