ಥೇಮ್ಸ್ ನೀರು ಹಳದಿನಾ?

ಪ್ರಶ್ನೆ: ಸರ್, ನಮ್ಮ ಮಗಳು ಲಂಡನ್‌ನಿಂದ ಬರೋವಾಗ ಟೇಟ್ ಮ್ಯೂಸಿಯಂದು ಒಂದು ಪೋಸ್ಟ್‌ಕಾರ್ಡ್ ತಂದಿದ್ಲು, ಹಿಂದುಗಡೆ ಆಂದ್ರೆ ದೆರೇನ್, ‘ದ ಪೂಲ್ ಆಫ್ ಲಂಡನ್’, 1906 ಅಂತಿದೆ. ಬಂದರು, ಹಡಗು, ಎಲ್ಲಾ ಗೊತ್ತಾಗತ್ತೆ. ಆದ್ರೆ ನೀರು ಹಳದಿ-ಹಸಿರು, ಹಡಗಿನ ಮೇಲೆಲ್ಲ ಕೆಂಪು! ಲಂಡನ್ ಅಂದ್ರೆ ಹೊಗೆ, ಮಂಜು ಅಂತ ತಾನೇ ನಾವು ಓದಿದ್ದು. ಈ ಮನುಷ್ಯ ಊರು ನೋಡಿ ಬರೆದನೋ, ಮನೇಲಿ ಕೂತು ಬಣ್ಣ ಚೆಲ್ಲಿದನೋ?
– ಓದುಗರು, ಶಿವಮೊಗ್ಗ

ಉತ್ತರ: ದೆರೇನ್ ಅನ್ನೋ ಈ ಫ್ರೆಂಚ್ ಚಿತ್ರಕಾರ ಊರು ನೋಡಿದ್ದ ಮೇಡಂ, ಚೆನ್ನಾಗೇ ನೋಡಿದ್ದ. ಕಾರ್ಡ್ ಇನ್ನೊಂದ್ಸಲ ತಗೊಳ್ಳಿ. ಲಂಡನ್ ಬ್ರಿಡ್ಜ್ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದ ಹಾಗಿದೆ ಅಲ್ವಾ, ದೂರದಲ್ಲಿರೋದು ಟವರ್ ಬ್ರಿಡ್ಜ್. ಲಂಡನ್ ಬ್ರಿಡ್ಜ್‌ನಿಂದ ಕೆಳಗಡೆ ಥೇಮ್ಸ್ ನದೀಲಿ ಸರಕು ಹಡಗು ಬಂದು ನಿಲ್ತಿದ್ದ ಜಾಗಕ್ಕೇ ಪೂಲ್ ಅನ್ನೋದು, ಅಂದ್ರೆ ಇದು ನದೀಲಿರೋ ಬಂದರು.

ಮಂಜಿನ ಲಂಡನ್ ಬೇಕು ಅಂದ್ರೆ ಮೋನೆ ಅನ್ನೋ ಇನ್ನೊಬ್ಬ ಫ್ರೆಂಚ್ ಚಿತ್ರಕಾರನ ಚಿತ್ರ ನೋಡ್ಬೇಕು. ಅವನ ಥೇಮ್ಸ್ ಚಿತ್ರಗಳು 1904ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಒಳ್ಳೇ ಹೆಸರು ಮಾಡಿದ್ವು, ಅದನ್ನ ನೋಡಿದ್ದ ವೊಲಾರ್ ಅನ್ನೋ ಚಿತ್ರ ವ್ಯಾಪಾರಿ ದೆರೇನ್‌ನ ಕರೆದು ನೀನೂ ಲಂಡನ್‌ಗೆ ಹೋಗಿ ಬರ್ಕೊಂಡು ಬಾ ಅಂತ ಕಳಿಸಿದ. ಹುಡುಗನಿಗೆ ಆಗ ಇಪ್ಪತ್ತೈದು-ಇಪ್ಪತ್ತಾರು ವರ್ಷ. ಮೂವತ್ತು ಚಿತ್ರ ಮಾಡಿದ, ಒಂದರಲ್ಲೂ ಮೋನೆಯ ಮಂಜು ಹುಡುಕೋಕೆ ಹೋಗ್ಬೇಡಿ.

ಯಾಕಂದ್ರೆ ಹಿಂದಿನ ವರ್ಷ, 1905ರ ಬೇಸಿಗೇಲಿ, ದೆರೇನ್‌ನೂ ಅವನ ಜೊತೆಗಾರ ಚಿತ್ರಕಾರ ಮತೀಸ್‌ನೂ ಫ್ರಾನ್ಸ್‌ನ ದಕ್ಷಿಣದ ಕೊಲಿಯೂರ್ ಅನ್ನೋ ಮೀನುಗಾರರ ಊರಲ್ಲಿ ಕೂತು ಕಂಡ ಬಣ್ಣಾನೇ ಬಳೀಬೇಕು ಅನ್ನೋ ನಿಯಮಾನೇ ಬಿಟ್ಟಿದ್ರು. ಆ ಚಿತ್ರಗಳು ಪ್ಯಾರಿಸ್‌ಗೆ ಬಂದಾಗ ವೊಕ್ಸೆಲ್ ಅನ್ನೋ ವಿಮರ್ಶಕ ಇವರನ್ನ ‘ಫೋವ್’ ಅಂದ, ಅಂದ್ರೆ ಕಾಡುಮೃಗಗಳು. ಬೈಗುಳಾನೇ ಹೆಸರಾಗಿ ಕೂತ್ಕೊಳ್ತು.

ಚೆಲ್ಲಿದ್ದಾ ಅಂದ್ರಲ್ಲ, ಅಲ್ಲೇ ನನ್ನ ತಕರಾರು. ಹತ್ತಿರದ ಹಡಗಿಗೆ ಕೆಂಪು, ಕಿತ್ತಳೆ ಹಾಕಿದಾನೆ, ಅದು ಮುಂದಕ್ಕೆ ನುಗ್ಗತ್ತೆ, ದೂರದ ಸೇತುವೆಗೆ ತಣ್ಣನೆ ನೀಲಿ, ಅದು ಹಿಂದಕ್ಕೆ ಸರಿಯತ್ತೆ. ಬೇರೆಯವರು ನೆರಳು ಹಾಕಿ ಮಾಡೋ ಕೆಲಸಾನ ಇವನು ಬಣ್ಣದಿಂದ ಮಾಡಿಸಿದ, ಆದ್ರೆ ಹಡಗಿನ ಆಕಾರ, ಪಕ್ಕದ ದೋಣಿ, ಮೇಲಿಂದ ನೋಡೋ ಕೋನ ಎಲ್ಲಾ ಎಲ್ಲಿರಬೇಕೋ ಅಲ್ಲೇ ಇದಾವೆ ನೋಡಿ, ಅದಕ್ಕೇ ತಾನೇ ನಿಮಗೆ ಬಂದರು ಅಂತ ತಕ್ಷಣ ಗೊತ್ತಾಗಿದ್ದು. ಸರಕು ಇಳಿಸೋ ಗಲಾಟೆನ ಬೂದು ಬಣ್ಣದಲ್ಲಿ ತೋರಿಸೋಕೆ ಆಗ್ತಿತ್ತಾ? ನನಗಂತೂ ಡೌಟು.

ಮೊಬೈಲಲ್ಲಿ ಆ ಕಾರ್ಡ್‌ದು ಒಂದು ಫೋಟೋ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ, ಪಕ್ಕದಲ್ಲಿ ಕಾರ್ಡ್ ಇಟ್ಕೊಂಡು ನೋಡಿ. ಸೇತುವೆ ಎಷ್ಟು ದೂರ ಇದೆ ಅನ್ಸತ್ತೆ ಅಂತ ಮಗಳನ್ನೂ ಕೇಳಿ, ಆಮೇಲೆ ನನಗೆ ಬರೀರಿ.